ಮಗ್ಗುಲಾಗಿ ಮಲಗಿದ ಕಂಪ್ಯೂಟರ್

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಎದುರು ಲಗ್ನಪತ್ರಿಕೆ ಮಾಡಿಕೊಡುವ ಪಾಲಾಕ್ಷಪ್ಪನ ಕಂಪ್ಯೂಟರಿಗೆ ವೈರಸ್ ಹೊಕ್ಕಿತು. ಪಕ್ಕದ ಮೊಬೈಲ್ ಅಂಗಡಿಯ ಓಬಳೇಶ ಕರೆಯದಿದ್ದರೂ ಸಿ.ಡಿ. ಹಿಡಿದು ಬಂದ.

“ಮಾವ, ನನ್ನ ಹೊಸಾ ಮೊಬೈಲಿಗೆ ಯಾವತ್ತರ ವೈರಸ್ ಬಂದೈತೇನು? ಅದರ ಸಿಸ್ಟಮ್ಮೇ ಇದಕ್ಕೂ ಹಾಕಿಬಿಡ್ತೀನಿ.”

“ಚಿಗಟೇರಿ ನೀಲಗಂಗಮ್ಮ ಸಂಜಿಗೆ ಬರ್ತಾರಲೇ! ಮಗಳ ಲಗ್ನದ ಮೊದಲ ಪತ್ರಿಕಿ ಇವತ್ತ, ಸೋಮವಾರನ, ಗುಡಿಯಾಗ ಸ್ವಾಮಿ ಮುಂದ ಇಡಬೇಕಂತ. ತಪ್ಪಿತಂದ್ರ ಆರ್ಡರ್ ಹರಪನಹಳ್ಳಿಗೆ ಹೋಗ್ತೈತಿ.”

“ಅರ್ಧ ತಾಸಿನ ಕೆಲಸ ಮಾವ.”

ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರ್ ಒಂದು ದೊಡ್ಡ ಮೊಬೈಲಾಗಿತ್ತು. ಪಾಲಾಕ್ಷಪ್ಪ ತುಸು ಯೋಚಿಸುತ್ತ ಕೂತರೆ ಪರದೆ ಕಪ್ಪಾಗುತ್ತಿತ್ತು. ವಧುವಿನ ಹೆಸರು ಕುಟ್ಟಿದರೆ ಖಾಲಿ ಚೌಕಗಳ ಸಾಲು ಮೂಡಿತು. ಪತ್ರಿಕೆಯ ಗಣಪತಿಯನ್ನು ತೆರೆದರೆ ಅವನೂ ಅಡ್ಡಡ್ಡ ಮಲಗಿದ.

“ಮೊಬೈಲ್ ತಿರುಗಿಸಿ ಹಿಡಿಯಂಗಿಲ್ಲೇನು ಮಾವ? ಇದನ್ನೂ ಹಂಗ,” ಎಂದ ಓಬಳೇಶ ಮಾನಿಟರನ್ನೇ ಮಗ್ಗುಲಿಗೆ ಮಲಗಿಸಿದ.

ಚಹಾ ತಂದ ಹೋಟೆಲಿನ ಮಾರೆಮ್ಮ ಗಲ್ಲಕ್ಕೆ ಕೈಯಿಟ್ಟಳು. “ಅಯ್ಯ ಪಾಪ, ಜ್ವರ ಬಂದಾವೇನ್ರಿ ಅದಕ್ಕ?”

“ಪರದಿ ಮ್ಯಾಲ ಪ್ರಿಂಟರ್ ತೋರಿಸವಲ್ದು, ಎಲ್ಲಿ ಹೋತಲೇ?” ಎಂದು ಪಾಲಾಕ್ಷಪ್ಪ ಕೂಗಿದ.

“ಮೊಬೈಲಿಗೆ ಯಾರರ ಪ್ರಿಂಟರ್ ಹಚ್ತಾರೇನು ಮಾವ?”

ಪಾಲಾಕ್ಷಪ್ಪ ಬೇರೆ ದಾರಿ ಕಾಣದೆ ದಪ್ಪ ಕಾರ್ಡೊಂದನ್ನು ತೆಗೆದು, ಸ್ಕೆಚ್ ಪೆನ್ನಿನಲ್ಲಿ ತಾನೇ ಬರೆಯತೊಡಗಿದ. ಒಂದು ಕಾಲಕ್ಕೆ ಟೂರಿಂಗ್ ಟಾಕೀಸಿನ ಬೋರ್ಡು ಬರೆದ ಕೈ ಅದು. ಗಣಪತಿಯೂ ನೆಟ್ಟಗೆ ಕೂತ, ಅಕ್ಷರಗಳೂ ಕೂತವು.

ನೀಲಗಂಗಮ್ಮ ಬಂದಾಗ ಪಾಲಾಕ್ಷಪ್ಪ ಕೈ ಮುಗಿದ. “ಸ್ವಾಮಿಗೆ ಇದೊಂದು ಇಡ್ರಿ ಅಕ್ಕಾರ. ಉಳಿದವು ಅಚ್ಚಿನವೇ ಕೊಡ್ತೀನಿ.” ಆಕೆ ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿ ಗುಡಿಗೆ ಧಾವಿಸಿದರು.

ಅಷ್ಟರಲ್ಲಿ ಓಬಳೇಶ ಎಲ್ಲವನ್ನೂ ಅಳಿಸಿ ಹಳೆಯ ಸಿಸ್ಟಮ್ಮನ್ನೇ ಹಾಕಿದ. ವೈರಸ್ಸೂ ಹೋಗಿತ್ತು, ಪ್ರಿಂಟರೂ ಗುರ್ ಎಂದಿತು. ಪಾಲಾಕ್ಷಪ್ಪನಿಗೆ ಹೋದ ಜೀವ ಬಂದಂತಾಯಿತು. ಇನ್ನು ಐದುನೂರು ಪತ್ರಿಕೆ ಯಾವ ಲೆಕ್ಕ!

ನೀಲಗಂಗಮ್ಮ ಮುಖವರಳಿಸಿಕೊಂಡು ಮರಳಿದರು. “ಪತ್ರಿಕಿ ಇಟ್ಟ ಕೂಡ್ಲೇ ಸ್ವಾಮಿ ಬಲಕ್ಕ ಹೂ ಕೊಟ್ಟಾನ್ರಿ! ಸ್ವಾಮಿ ಒಪ್ಪಿದ್ದೊಂದು, ಮಂದಿಗೆ ಹಂಚೋದೊಂದು ಆಗಬಾರದು. ಐದುನೂರೂ ನಿಮ್ಮ ಕೈಲೇ ಬರೀರಿ.”

“ಅದನ್ನ ಜೆರಾಕ್ಸ್ ಮಾಡಿದ್ರ…”

“ಬೀಗರಿಗೆ ನಕಲು ಕೊಡಾಕ ಆಗ್ತೈತೇನ್ರಿ? ಬರೋ ವರ್ಷಕ್ಕ ಸಣ್ಣ ಮಗಳದೂ ಐತಿ. ಅದೂ ನಿಮಗ.”

ಇನ್ನೊಂದು ಲಗ್ನದ ಆರ್ಡರೂ ತನಗೇ ಎಂದು ಪಾಲಾಕ್ಷಪ್ಪ ಹಿಗ್ಗಿದ. ಬೆರಳು ನೋಡಿಕೊಂಡು ಕುಗ್ಗಿದ.

“ಮಾವ, ಕಂಪ್ಯೂಟರ್ ಖಾಲಿನೇ ಐತಲ್ಲ. ಒಂದು ಸಿನಿಮಾ ಹಾಕ್ಲೇನು?” ಎಂದ ಓಬಳೇಶ.

ಪಾಲಾಕ್ಷಪ್ಪ ಅವನ ಕೈಗೊಂದು ಸ್ಕೆಚ್ ಪೆನ್ನು ತುರುಕಿದ. “ಕುಂದ್ರಲೇ. ಅಂಚಿನ ಗೆರಿ ನೀ ಹಾಕು.”