ನಾಲ್ಕು ಸೆಂಟಿಮೀಟರ್ ಇಳಿತ, ಅರವತ್ತು ಮೊಟ್ಟೆ

ನಮ್ಮ ಚಿನ್ನದ ಗಣಿಯೂರು ಕೋರಮಂಡಲ್‌ನಿಂದ ಇಡಿಯಾಗಿ ಹೊರಟ ಮೊಟ್ಟೆ ಕ್ಯಾಸಂಬಳ್ಳಿಗೆ ಇಡಿಯಾಗಿಯೇ ತಲುಪತಕ್ಕದ್ದು. ಇದು ನಮ್ಮ ಮಹಿಳಾ ಪೌಷ್ಟಿಕ ಆಹಾರ ಸಂಘದ ಮೊದಲ ನಿಯಮ. ಒಂದು ದಿನಕ್ಕೆ ಐದಕ್ಕಿಂತ ಹೆಚ್ಚು ಮೊಟ್ಟೆ ಒಡೆದರೆ ಒಯ್ದವರಿಗೆ ಎಚ್ಚರಿಕೆ ಪತ್ರ, ಮೂರು ಪತ್ರವಾದರೆ ಕೆಲಸವಿಲ್ಲ ಎಂಬುದು ಎರಡನೆಯದು. ಮೂರನೆಯ ನಿಯಮವನ್ನು ಗೌರವ ಕಾರ್ಯದರ್ಶಿಯಾದ ನಾನೇ ಸೇರಿಸಿದೆ: ಐದು ನಿಮಿಷ ಮುಂಚೆ ಬರುವುದೇ ಸಮಯಕ್ಕೆ ಬರುವುದು.

ಮೊಟ್ಟೆ ಒಯ್ಯುವವರು ರಾಧಾಮಣಿ. ಬೆಳಿಗ್ಗೆ ಒಂಬತ್ತಕ್ಕೆ ಎರಡು ಟ್ರೇಗಳಲ್ಲಿ ಅರವತ್ತು ಮೊಟ್ಟೆಗಳನ್ನು ಸೈಕಲ್ಲಿನ ಮುಂದಿನ ಬುಟ್ಟಿಗೆ ಕಟ್ಟಿಕೊಂಡು ಹೊರಟರೆ ಹನ್ನೊಂದಕ್ಕೆ ಕ್ಯಾಸಂಬಳ್ಳಿಯ ಅಂಗನವಾಡಿಯಲ್ಲಿ ಇಳಿಸಬೇಕು. ಮಕ್ಕಳ ಊಟ ಹನ್ನೆರಡಕ್ಕೆ. ದಾರಿಯಲ್ಲಿ ಅಲ್ಲಲ್ಲಿ ಡಾಂಬರು ಉಳಿದಿದೆ. ಗುಂಡಿ ಎಲ್ಲಿ ಶುರುವಾಗುತ್ತದೆಂದು ತಿಳಿಯಲು ಅದರಿಂದ ಬಹಳ ಅನುಕೂಲ. ಹಳೆಯ ಕಬ್ಬಿಣದ ಸೈಕಲ್ಲಿನಲ್ಲಿ ಜುಲೈ ಮುಗಿಯುವುದರೊಳಗೆ ರಾಧಾಮಣಿಗೆ ಎರಡು ಪತ್ರ ಹೋಗಿದ್ದವು. ಎರಡನ್ನೂ ನಾನೇ ದುಂಡಗೆ ಬರೆದಿದ್ದೆ. ಆ ಮನೆಯಲ್ಲಿ ಸಂಬಳ ತರುವವರು ಆಕೆ ಒಬ್ಬರೇ ಎಂಬುದು ಪತ್ರದಲ್ಲಿ ನಮೂದಿಸುವಂಥ ಸಂಗತಿಯಲ್ಲ.

ಆಗಸ್ಟ್‌ನಲ್ಲಿ ಅನುದಾನದಿಂದ ಒಂದು ಗ್ರಾವೆಲ್ ಬೈಕ್ ಬಂತು. ಡಾಂಬರಿಗೂ ಸೇರದ, ಕಾಡಿಗೂ ಸೇರದ ಜಲ್ಲಿ ದಾರಿಗೆಂದೇ ಮಾಡಿದ ಸೈಕಲ್. ಹ್ಯಾಂಡಲ್ ಟಗರಿನ ಕೊಂಬಿನಂತೆ ಬಾಗಿದೆ, ಟಯರು ದಪ್ಪ, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಒತ್ತಿದರೆ ಕುಗ್ಗಿ ಮತ್ತೆ ಏಳುತ್ತದೆ. ಜೋಡಿಸಿಕೊಡಲು ಬಂಗಾರಪೇಟೆಯಿಂದ ಮೆಕ್ಯಾನಿಕ್ ಬಾಲಾಜಿಯವರನ್ನು ಕರೆಸಿದೆವು.

"ಇದು ನಾಲ್ಕು ಸೆಂಟಿಮೀಟರ್ ಇಳೀತದೆ ಮೇಡಂ," ಎಂದರು.

"ನಾಲ್ಕೇ? ಅನುದಾನವೆಂದು ಕಡಿಮೆ ಕೊಟ್ಟಿದ್ದಾರೆಯೇ?"

"ಹತ್ತು ಇಳಿಯೋದೂ ಐತೆ. ಅದು ಬೆಟ್ಟದ ಮೇಲಿಂದ ಬೀಳೋರಿಗೆ. ಭಾರ ಜಾಸ್ತಿ, ತುಳಿದಾಗೆಲ್ಲ ಗಬ್ಬದ ಎಮ್ಮೆ ತರ ತೂಗಾಡ್ತದೆ, ನೀವು ತುಳಿದಿದ್ರಲ್ಲಿ ಅರ್ಧ ಅದೇ ತಿನ್ಕೊಂಡ್ಬಿಡ್ತದೆ. ನಮ್ಮ ರೋಡಿಗೆ ನಾಲ್ಕು ಕರೆಕ್ಟು. ದೊಡ್ಡ ಗುಂಡೀನ ಕಣ್ಣು ತಪ್ಪಿಸ್ತದೆ, ಸಣ್ಣ ಜಲ್ಲೀನ ಟಯರ್ ನುಂಗ್ತದೆ, ನಡುವಿಂದು ಈ ಫೋರ್ಕ್ ನೋಡ್ಕೊಂತದೆ. ಕೈಯೂ ಉಳೀತದೆ, ಮೊಟ್ಟೇನೂ ಉಳೀತದೆ."

ಮೊದಲ ದಿನ ರಾಧಾಮಣಿ ಹತ್ತೂ ನಲವತ್ತಕ್ಕೆ ತಲುಪಿದರು. ಒಡೆದ ಮೊಟ್ಟೆ ಸೊನ್ನೆ. ಎರಡನೆಯ ದಿನವೂ ಸೊನ್ನೆ. ವಿಷಯ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ನಮ್ಮ ಸಂಘಕ್ಕೆ ಸುರಕ್ಷತಾ ಸಮಿತಿಯೂ ಇದೆ.

ಸಮಿತಿ ಎಂದರೆ ಶ್ರೀ ಸೆಲ್ವರಾಜ್. ಗಣಿ ಮುಚ್ಚುವವರೆಗೆ ಇಪ್ಪತ್ತಾರು ವರ್ಷ ಶಾಫ್ಟಿನ ಬಾಯಲ್ಲಿ ನಿಂತು, ಆಳುಗಳನ್ನು ಇಳಿಸಿ ಏರಿಸುವ ಪಂಜರಕ್ಕೆ ಗಂಟೆ ಹೊಡೆದವರು. ಇಳಿಯಲು ಎರಡು ಸಲ, ಏರಲು ಒಂದು ಸಲ. ಇಳಿದವನ ಹಿತ್ತಾಳೆ ಬಿಲ್ಲೆ ಎಡಗಡೆಯ ಮೊಳೆಗೆ, ಮೇಲೆ ಬಂದ ಮೇಲೆ ಬಲಗಡೆಯ ಮೊಳೆಗೆ. ಮೂರನೆಯ ದಿನ ಅವರು ಸೈಕಲ್ಲಿನ ಹ್ಯಾಂಡಲ್ ಒತ್ತಿ ನೋಡಿದರು. ಫೋರ್ಕ್ ಇಳಿಯಿತು. ಕೈ ತೆಗೆದರು. ಏರಿತು.

"ಯಾರಮ್ಮಾ ಇದಕ್ಕೆ ಗಂಟೆ ಬಾರಿಸಿದ್ದು?"

"ಯಾರೂ ಇಲ್ಲ ತಾತ," ಎಂದರು ರಾಧಾಮಣಿ. "ಗುಂಡಿ ಬಂದ್ರೆ ಅದೇ ಇಳೀತದೆ, ಅದೇ ಬತ್ತದೆ."

"ಅದೇ ಇಳಿಯೋದಾ? ಕೇಳೋರಿಲ್ವಾ? ಎಷ್ಟು ಸಲ ಇಳೀತು, ಎಷ್ಟು ಸಲ ಬಂತು, ಯಾರು ಬರ್ಕೊಂಡ್ರು?"

ಇಂಥದ್ದಕ್ಕೆ ಪುಸ್ತಕವಿಲ್ಲದಿರುವುದು ಶಿಸ್ತಿನ ಸಂಸ್ಥೆಗೆ ಶೋಭೆಯಲ್ಲ. ಅಂದೇ ಸಂಜೆ ಈ ಪ್ರಕಟಣೆ ಹೊರಡಿಸಿದೆ:

"ಸಂಘದ ಸೈಕಲ್ಲಿನ ಫೋರ್ಕ್ ಅನುಮತಿಯಿಲ್ಲದೆ ಇಳಿಯತಕ್ಕದ್ದಲ್ಲ. ಪ್ರತಿ ಗುಂಡಿಗೆ ಮುಂಚೆ ಎರಡು ಗಂಟೆ, ದಾಟಿದ ಮೇಲೆ ಒಂದು ಗಂಟೆ ಬಾರಿಸಿ, ಒಂದು ಕಾಲನ್ನು ನೆಲಕ್ಕೂರಿ, ಇಳಿತ-ಏರಿಕೆ ಪುಸ್ತಕದಲ್ಲಿ ಸಹಿ ಮಾಡತಕ್ಕದ್ದು. ಹತ್ತಿ ಕುಳಿತಾಗ ಆಗುವ ಇಳಿತವೂ ಇಳಿತವೇ."

ಮರುದಿನ ರಾಧಾಮಣಿ ಕ್ಯಾಸಂಬಳ್ಳಿ ತಲುಪಿದಾಗ ಗಂಟೆ ನಾಲ್ಕು. ಅಂಗನವಾಡಿಯ ಸಹಾಯಕಿ ಗಂಗರತ್ನಮ್ಮ ಬಾಗಿಲಲ್ಲೇ ಕುಳಿತಿದ್ದರು.

"ಬಾರಮ್ಮಿ ಬಾ. ಕೋಳಿ ಮೊಟ್ಟೆ ಇಕ್ಕೋವರ್ಗೂ ಕಾಯ್ಕೊಂಡಿದ್ಯೇನಮ್ಮಿ? ಐಕ್ಳು ಬರೀ ಸಾರನ್ನ ಉಂಡು ಮನೆಗೋದ್ವು. ಈಗ ಈ ಅರವತ್ತು ಮೊಟ್ಟೇನ ನಾನು ಕಾವು ಕೂತ್ಕೊಳ್ಳಲಾ?"

"ನನ್ನೇನು ಕೇಳ್ತೀಯಕ್ಕ, ಈ ಪುಸ್ತಕಾನ ಕೇಳು. ಗಂಟೆ ಬಾರಿಸೀ ಬಾರಿಸೀ, ಐಸ್‌ಕ್ರೀಂ ಬಂತು ಅಂತ ಮೂರು ಊರಿನ ಐಕ್ಳು ಹಿಂದೆ ಬಿದ್ದಿದ್ವು."

ಮೊಟ್ಟೆ ಒಂದೂ ಒಡೆದಿರಲಿಲ್ಲ. ಆದರೆ ಪುಸ್ತಕ ತಪಾಸಣೆಯಲ್ಲಿ ಗಂಭೀರ ಲೋಪ ಹೊರಬಿತ್ತು. ಇಳಿತ ಇನ್ನೂರ ಹನ್ನೆರಡು. ಏರಿಕೆ ಇನ್ನೂರ ಹನ್ನೊಂದು.

ಸೆಲ್ವರಾಜ್ ಸಹಿಗಳನ್ನು ಮತ್ತೊಮ್ಮೆ ಎಣಿಸಿದರು. "ಒಂದು ಮೇಲೆ ಬಂದಿಲ್ಲ," ಎಂದರು. "ಒಂದು ಬಿಲ್ಲೆ ಕಮ್ಮಿ ಇದ್ರೆ ನಾವು ಯಾರೂ ಮನೆಗೆ ಓಗ್ತಿರ್ಲಿಲ್ಲಮ್ಮಾ. ಒಂದ್ಸಲ ಎರಡು ದಿವಸ ನಿಂತಿದ್ದೆ."

ಮಾರನೆಯ ಬೆಳಿಗ್ಗೆ ಸಂಘದ ಎಂಟು ಮಂದಿ ಸದಸ್ಯೆಯರು ಛತ್ರಿ ಹಿಡಿದು ಎರಡು ಸಾಲಾಗಿ, ಚಿನ್ನ ತೆಗೆದುಳಿದ ಗಣಿಮಣ್ಣು ಗುಡ್ಡೆಯಾಗಿರುವ ಸೈನೈಡ್ ದಿಬ್ಬದ ಕೆಳಗಿನ ದಾರಿಯನ್ನು ಶೋಧಿಸಿದೆವು.

"ಹುಡುಕಬೇಕಾದ್ದು ಏನನ್ನ?" ಎಂದು ಸದಸ್ಯೆ ಶ್ಯಾಮಲ ಕೇಳಿದರು.

"ಮೇಲೆ ಬರದೆ ಇರೋದನ್ನ," ಎಂದರು ಸೆಲ್ವರಾಜ್.

ಸಿಕ್ಕಿದ್ದು ಒಂದು ಎಡಗಾಲಿನ ಚಪ್ಪಲಿ ಮತ್ತು ಒಂದು ಆಡು. ಎರಡೂ ಸಂಘಕ್ಕೆ ಸೇರಿದ್ದಲ್ಲವೆಂದು ದಾಖಲಿಸಿಕೊಂಡು ಬಾಲಾಜಿಯವರನ್ನು ಮತ್ತೆ ಕರೆಸಿದೆವು. ಅವರು ಫೋರ್ಕಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ ರಾಧಾಮಣಿಯನ್ನು ಹತ್ತಿಸಿ ಇಳಿಸಿದರು. ಬ್ಯಾಂಡು ಒಂದು ಸೆಂಟಿಮೀಟರ್ ಸರಿದಿತ್ತು.

"ಇಷ್ಟೇ ಕಣ್ರೀ. ಕೂತ ತಕ್ಷಣ ಒಂದು ಸೆಂಟಿಮೀಟರ್ ಇಳೀತದೆ, ಅಂಗೇ ಸೆಟ್ ಮಾಡೋದು. ಆಗ್ಲೇ ಗುಂಡಿಗೆ ಚಕ್ರ ಚಾಚ್ಕೊಂಡು ನೆಲ ಹಿಡಿಯೋದು. ಇವರು ಕೂತಿರೋವರ್ಗೂ ಅದು ಪೂರ್ತಿ ಮೇಲೆ ಬರಲ್ಲ. ಅಲ್ಲಿ ಓಗಿ ಇಳಿದ್ರಲ್ಲ, ಆಗ ಬಂದೈತೆ. ಆ ಗಂಗರತ್ನಮ್ಮನ ಬಾಯಿಗೆ ಎದರಿ ಬರೆಯೋದು ಮರ್ತವ್ರೆ."

ಸೆಲ್ವರಾಜ್ ಬ್ಯಾಂಡನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಅಂದ್ರೆ ಇವಳು ಅತ್ತಿ ಕೂತಾಗಿಂದ ಕ್ಯಾಸಂಬಳ್ಳಿವರ್ಗೂ ಕೆಳಗೇ ಇರ್ತಾಳೆ. ಅಂಡರ್‌ಗ್ರೌಂಡು."

"ತಾತ, ನಾನು ನೆಲದಿಂದ ಮೂರಡಿ ಮೇಲೆ ಕೂತಿರ್ತೀನಿ!"

"ಅದು ನಿನ್ನ ಲೆಕ್ಕ ಮಗಳೇ. ಪುಸ್ತಕದ ಲೆಕ್ಕ ಬೇರೆ. ನಮ್ಮ ಕಾಲದಲ್ಲಿ ಎಂಗಸ್ರು ಅಂಡರ್‌ಗ್ರೌಂಡ್ ಇಳಿಯಂಗಿರ್ಲಿಲ್ಲ."

ಸಭೆ ಸರ್ವಾನುಮತದಿಂದ ನಿರ್ಣಯ ಕೈಗೊಂಡಿತು: ರಾಧಾಮಣಿಯವರು ಸೈಕಲ್ಲನ್ನು ತಳ್ಳಿಕೊಂಡು ಹೋಗಬಹುದು, ಹತ್ತಕೂಡದು. ಹತ್ತಿದ್ದು ಕಂಡರೆ ಮೂರನೆಯ ಪತ್ರ. ತಳ್ಳಿಕೊಂಡು ಹೋಗುವಾಗಲೂ ಪುಸ್ತಕ ಬರೆಯತಕ್ಕದ್ದು. ಇದರಿಂದ ತಡವಾಗುವುದನ್ನು ಸಭೆ ಸಹಾನುಭೂತಿಯಿಂದ ಪರಿಗಣಿಸಿ, ಕ್ಯಾಸಂಬಳ್ಳಿಯ ಮಧ್ಯಾಹ್ನವನ್ನು ಹನ್ನೆರಡರಿಂದ ನಾಲ್ಕು ಗಂಟೆಗೆ ಮುಂದೂಡಿತು. ನಕಲು ಗಂಗರತ್ನಮ್ಮನವರಿಗೆ ರವಾನೆಯಾಯಿತು.

ಮೂರು ವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು. ಬೆಳಿಗ್ಗೆ ರಾಧಾಮಣಿ ತಲೆ ತಗ್ಗಿಸಿ ಸೈಕಲ್ ತಳ್ಳಿಕೊಂಡು ಹೊರಡುತ್ತಿದ್ದರು. ಸೈನೈಡ್ ದಿಬ್ಬದ ತಿರುವಿನವರೆಗೆ ಸೆಲ್ವರಾಜ್ ಕಣ್ಣಿಟ್ಟು ನೋಡುತ್ತಿದ್ದರು. ಸಂಜೆ ಬರುವ ಪುಸ್ತಕದಲ್ಲಿ ಇಳಿತ ಇನ್ನೂರ ಹನ್ನೆರಡು, ಏರಿಕೆ ಇನ್ನೂರ ಹನ್ನೆರಡು. ಒಂದೇ ಮಸಿ, ಒಂದೇ ಓರೆ, ಒಂದೂ ಚಿತ್ತಿಲ್ಲ. ಗುಂಡಿಗಳ ನಡುವೆ ನಿಂತು ಇಷ್ಟು ಅಂದವಾಗಿ ಬರೆಯುವುದು ನಾನು ಓದಿದ ಕಾನ್ವೆಂಟಿನಲ್ಲೂ ಸಾಧ್ಯವಿರಲಿಲ್ಲ. ಆದ್ದರಿಂದ ತಪಾಸಣೆಗೆ ಹೊರಟೆ. ಮೂರನೆಯ ಪತ್ರ ಕೈಚೀಲದಲ್ಲಿತ್ತು. ತಾರೀಖು ಮಾತ್ರ ತುಂಬಬೇಕಿತ್ತು.

ಆಟೋ ಇಳಿದಾಗ ಹನ್ನೆರಡೂ ಹತ್ತು. ಮಕ್ಕಳು ಸಾಲಾಗಿ ಕುಳಿತು ಮೊಟ್ಟೆ ತಿನ್ನುತ್ತಿದ್ದರು. ಹೊಂಗೆ ಮರದ ಕೆಳಗೆ ರಾಧಾಮಣಿ ಕಾಲು ಚಾಚಿ, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದರು. ನೂರ ಎಂಬತ್ತನೆಯ ಇಳಿತದಲ್ಲಿದ್ದರು. ನನ್ನನ್ನು ಕಂಡು ಎದ್ದು ನಿಂತರು.

"ಇದು ಯಾವ ಮೊಟ್ಟೆ?" ಎಂದು ಗಂಗರತ್ನಮ್ಮನವರನ್ನು ಕೇಳಿದೆ.

"ನಾಕು ಗಂಟೇದು ಕಣಮ್ಮ."

"ಈಗ ಗಂಟೆ ಎಷ್ಟು?"

"ಮಧ್ಯಾಹ್ನ ಯಾವಾಗ ಅನ್ನೋದ ನೀವೇ ಬರ್ದು ಕಳಿಸ್ತೀರ. ನಮ್ಮಂತೋರಿಗೆ ಏನು ತಿಳೀತದೆ? ಐಕ್ಳ ಒಟ್ಟೆಗೆ ಇನ್ನೂ ನಕಲು ಬಂದಿಲ್ಲ."

ಟ್ರೇಗಳನ್ನು ಪರೀಕ್ಷಿಸಿದೆ. ಒಡೆದದ್ದು ಸೊನ್ನೆ. ಸೈಕಲ್ಲಿನ ಫೋರ್ಕಿನ ಮೇಲೆ ಆ ರಬ್ಬರ್ ಬ್ಯಾಂಡ್ ಇನ್ನೂ ಇತ್ತು. ಮೂರು ಸೆಂಟಿಮೀಟರಿಗೂ ಮೇಲಕ್ಕೆ ಸರಿದಿತ್ತು. ತಳ್ಳಿಕೊಂಡು ಬಂದ ಸೈಕಲ್ಲಿನಲ್ಲಿ ಅದು ಅಷ್ಟು ಸರಿಯುವುದಿಲ್ಲ. ನಾನು ಪತ್ರ ಹೊರತೆಗೆದೆ. ಒಂದು ಮಗು ಬಂದು ಅರ್ಧ ಮೊಟ್ಟೆಯನ್ನು ನನ್ನ ಮುಂದೆ ಚಾಚಿತು. ನಾನು ಊಟದ ಹೊತ್ತಲ್ಲದೆ ತಿನ್ನುವುದಿಲ್ಲ. ಗಡಿಯಾರ ನೋಡಿಕೊಂಡೆ. ನಂತರ ತಿಂದೆ.

"ರಾಧಾಮಣಿಯವರೇ, ಎಷ್ಟು ಮುಂಚೆ ಬಂದಿರಿ?"

ಅವರು ನನ್ನ ಕೈಯಲ್ಲಿದ್ದ ಪತ್ರ ನೋಡಿದರು, ಮಕ್ಕಳನ್ನು ನೋಡಿದರು. "ಐದು ನಿಮಿಷ, ಮೇಡಂ," ಎಂದರು.

ಮೂರನೆಯ ನಿಯಮದ ಪ್ರಕಾರ ಅದು ಸಮಯಕ್ಕೆ ಬಂದಂತೆ. ಹಾಗೆಂದೇ ವರದಿ ಬರೆದೆ. ನಾಲ್ಕು ಗಂಟೆಯ ಮೊಟ್ಟೆಗಳನ್ನು ಹನ್ನೆರಡಕ್ಕೆ ತಿಂದು ಮುಗಿಸುವ ಕ್ಯಾಸಂಬಳ್ಳಿಯ ಸಮಯಪಾಲನೆಯನ್ನು ಸಭೆ ಶ್ಲಾಘಿಸಿದೆ. ಮೂರನೆಯ ಪತ್ರ ದಪ್ಪ ಕಾಗದದ್ದಾದ್ದರಿಂದ ನಾಲ್ಕು ಮಡಿಕೆ ಮಾಡಿ ಟ್ರೇಯ ಕೆಳಗೆ ಹಾಸಲಾಗಿದೆ.

ಈಗ ದಿನವೂ ಸಂಜೆ ಏಳಕ್ಕೆ ರಾಧಾಮಣಿ ಸೈನೈಡ್ ದಿಬ್ಬದ ತಿರುವಿನಿಂದ ಸೈಕಲ್ ತಳ್ಳಿಕೊಂಡು ಬರುತ್ತಾರೆ. ಸೆಲ್ವರಾಜ್ ಎರಡೂ ಮೊತ್ತಗಳನ್ನು ಬೆರಳಿಟ್ಟು ಓದಿ, "ಎಲ್ಲಾ ಮೇಲೆ ಬಂದಿದೆ" ಎಂದು ಸಹಿ ಮಾಡಿ, ಸೈಕಲ್ಲಿನ ಗಂಟೆಯನ್ನು ಒಂದು ಸಲ ಬಾರಿಸುತ್ತಾರೆ. ಸಂಘದ ಎಂಟೂ ಮಂದಿ ಎದ್ದು ನಿಂತು ಅದನ್ನು ಕೇಳಿಸಿಕೊಳ್ಳುತ್ತೇವೆ. ಆಮೇಲೆಯೇ ಮನೆಗೆ ಹೋಗುವುದು.