ಕಂಬಳಿ ಹೊದ್ದ ಡಬಲ್ ಬಾಸ್

ಟವೆಲ್

ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಒಂದು ಟವೆಲ್ ಹಾರಿಬಂದು ನನ್ನ ಡಬಲ್ ಬಾಸಿನ ಮೇಲೆ ಬಿತ್ತು.

ಡಬಲ್ ಬಾಸ್ ಅಂದರೆ ಪಿಟೀಲಿನ ಆಕಾರದ ವಾದ್ಯ. ಆದರೆ ನನಗಿಂತ ಎತ್ತರ. ನೆಲಕ್ಕೆ ನಿಲ್ಲಿಸಿ, ಪಕ್ಕದಲ್ಲಿ ನಿಂತು ನುಡಿಸಬೇಕು. ನಾಲ್ಕು ತಂತಿ, ತೀರಾ ಕೆಳದನಿ. ಬಳ್ಳಾರಿಯ ಹಳೆಯ ಕ್ಲಬ್ಬೊಂದು ತನ್ನ ಸಾಮಾನು ಹರಾಜು ಹಾಕಿದಾಗ ತಂದದ್ದು. ಎಣ್ಣೆ ಗಿರಣಿಯಲ್ಲಿ ದುಡಿಯುತ್ತಲೇ ಕಲಿತೆ. ಗಿರಣಿ ಬಿಟ್ಟು ವರ್ಷಗಳಾದವು. ಇದನ್ನು ಬಿಟ್ಟಿಲ್ಲ. ಮದುವೆಗಳಲ್ಲಿ ಹಾಡುವ ಒಂದು ವಾದ್ಯಗೋಷ್ಠಿಯಲ್ಲಿ ನುಡಿಸುತ್ತೇನೆ.

ಗೋಷ್ಠಿಯ ವ್ಯಾನಿನಲ್ಲಿ ಇದಕ್ಕೆ ಜಾಗವಿಲ್ಲ. ಸ್ಪೀಕರುಗಳಿಗೆ ಇದೆ. ಹಾಗಾಗಿ ನಾನೂ ಇದೂ ಬಸ್ಸಿನಲ್ಲಿ. ಇದರ ಚೀಲ ಹರಿದ ಮೇಲೆ ಕರಿ ಕಂಬಳಿ ಸುತ್ತುತ್ತೇನೆ. ಮೇಲ್ತುದಿಯ ಮರದ ಸುರುಳಿ ಎಲ್ಲಾದರೂ ತಾಗೀತೆಂದು ಅದಕ್ಕೊಂದು ಬಿಳಿ ಬಟ್ಟೆ, ರುಮಾಲಿನ ಹಾಗೆ. ಹಿಂದಿನ ಉದ್ದ ಸೀಟಿನಲ್ಲಿ ಕಿಟಕಿ ಪಕ್ಕ ನಾನು, ನನ್ನ ಪಕ್ಕ ಇದು.

ಟವೆಲ್ಲಿನವನು ಜನರನ್ನು ತಳ್ಳಿಕೊಂಡು ಬಂದ. ನಮ್ಮ ಕಡೆ ಟವೆಲ್ ಯಾರದೋ ಸೀಟು ಅವರದು. ಇದಕ್ಕಿಂತ ಗಟ್ಟಿ ಕಾನೂನು ಇನ್ನೊಂದಿಲ್ಲ.

“ಅಜ್ಜಾರೆ, ಟವೆಲ್ ನಂದು. ಏಳ್ರಿ,” ಎಂದ. ನನಗಲ್ಲ. ಅದಕ್ಕೆ.

ಅದು ಏಳಲಿಲ್ಲ. ಗಡಿಯಾಚೆಯವರಿರಬೇಕೆಂದು ತೆಲುಗಿನಲ್ಲಿ ಕೇಳಿದ. “ಕೊಂಚೆಂ ಜರುಗು ತಾತಾ.” ಅದು ಜರುಗಲೂ ಇಲ್ಲ.

“ಅದು ಏಳಲ್ಲ,” ಎಂದೆ.

“ನೀವು ಸುಮ್ಕಿರ್ರಿ. ನಾನು ಹಿರಿಯರ ಹತ್ರ ಮಾತಾಡ್ತಿದೀನಿ.”

ನನಗೆ ಎಪ್ಪತ್ತೆರಡು ವರ್ಷ.

ತಳಕಿನಲ್ಲಿ ಅದರ ಆಚೆ ಪಕ್ಕದವರು ಇಳಿದರು. ಆತ ಅಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಸಿಟ್ಟು ಇಳಿಯಿತು. ತನ್ನ ಕಷ್ಟ ಹೇಳಿಕೊಳ್ಳತೊಡಗಿದ, ಅದರ ಹತ್ತಿರ. ಭಾವಮೈದುನ ಹೊಸ ಮನೆ ಕಟ್ಟಿಸಿದ್ದಾನಂತೆ. ಗೃಹಪ್ರವೇಶಕ್ಕೆ ಮನೆಗೆ ಬಂದು ಕರೆಯಲಿಲ್ಲವಂತೆ, ಮೊಬೈಲಿಗೆ ಒಂದು ಚಿತ್ರ ಕಳಿಸಿದನಂತೆ. ಹೆಂಡತಿ ಹೋಗೋಣ ಅನ್ನುತ್ತಾಳಂತೆ, ಈತ ಬೇಡ ಅನ್ನುತ್ತಾನಂತೆ.

ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಡಬಲ್ ಬಾಸಿನ ತಂತಿ ಒಳಗೊಳಗೇ ಮಿಡಿಯುತ್ತದೆ. ಎರಡು ಪದರ ಕಂಬಳಿ ದಾಟಿ ಬರುವಾಗ ಅದು “ಹೂಂ” ಎಂದು ಕೇಳುತ್ತದೆ. ಆ ರಸ್ತೆಯಲ್ಲಿ ಗುಂಡಿಗೆ ಬರವಿಲ್ಲ.

“ಮಾನ ಬಿಟ್ಟು ಹೋಗ್ಬೇಕಾ, ನೀವೇ ಹೇಳ್ರಿ,” ಎಂದ. ಹೂಂ.

“ಹಿರಿಯರು ನೀವು ಅಂದ ಮೇಲೆ ಹೋಗ್ತೀನಿ ಬಿಡ್ರಿ.”

ಮೊಳಕಾಲ್ಮೂರಿನಲ್ಲಿ ಇಳಿಯುವಾಗ ನನ್ನ ಕಡೆ ತಿರುಗಿದ. “ನಿಮ್ಮ ಅಣ್ಣಾರೇ ವಾಸಿ. ಹೂಂ ಅಂತನಾದ್ರೂ ಅಂದ್ರು.”

ಗಿಲಕಿ

ಆ ಬಸ್ಸು ತಡವಾಗಿ ಮುಟ್ಟಿತು. ಮದುವೆಯಲ್ಲಿ ಮೊದಲ ಹಾಡು ಮುಗಿದಿತ್ತು. ಗೋಷ್ಠಿಯ ಯಜಮಾನ ನನ್ನ ಕೊನೆಯ ಮಗನಿಗಿಂತ ಚಿಕ್ಕವನು. ನನ್ನನ್ನು ಮಾಸ್ಟ್ರೇ ಎನ್ನುತ್ತಾನೆ. ಯಾವ ಮರ್ಯಾದೆಯೂ ಇಲ್ಲದ ಮಾತನ್ನು ಮಾಸ್ಟ್ರೇ ಎಂದು ಶುರುಮಾಡುವ ಅಭ್ಯಾಸ ಈಗ ಎಲ್ಲರಿಗೂ ಬಂದಿದೆ.

“ಮಾಸ್ಟ್ರೇ, ನಿಮ್ಮ ಈ ದನಿ ಕೀಬೋರ್ಡಿನಾಗೆ ಎಡಗೈ ಒಂದು ಬೆರಳಿಗೆ ಬರ್ತೈತೆ. ಇದರಿಂದ ಇನ್ನು ಎರಡು ತಕರಾರು ಬರ್ಲಿ, ಇದನ್ನ ಮನೇಲಿ ಇಟ್ಟು ನೀವೊಬ್ರೇ ಬರ್ರಿ. ನಿಮ್ಮನ್ನ ಬಿಡಲ್ಲ ನಾನು. ಗಿಲಕಿ ಕೊಡ್ತೀನಿ.”

ಗಿಲಕಿ ಎಂದರೆ ಒಳಗೆ ಕಾಳು ತುಂಬಿದ ಬುರುಡೆ. ಕೈಯಲ್ಲಿ ಹಿಡಿದು ಅಲ್ಲಾಡಿಸುವುದು. ತೊಟ್ಟಿಲ ಮಗುವಿಗೂ ಬರುತ್ತದೆ. ಕಲಿಸುವುದೇ ಬೇಡ.

ನಲವತ್ತು ವರ್ಷ ನುಡಿಸಿದ್ದೇನೆ. ಬೆರಳ ತುದಿ ಚಪ್ಪಲಿಯ ಅಟ್ಟೆಯ ಹಾಗಾಗಿದೆ. ಕೀಬೋರ್ಡು ನುಡಿಸಿ ಯಾರ ಬೆರಳು ಹಾಗಾಗಿದೆ, ತೋರಿಸಲಿ.

ಇದನ್ನು ಆತನಿಗೆ ಹೇಳಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನನ್ನ ಬೆರಳು ನೋಡಿ ಕೊಬ್ಬರಿ ಎಣ್ಣೆ ತಂದುಕೊಟ್ಟಳು.

ಉಣ್ಣೆ ಎಲ್ಲಿ?

ಮುಂದಿನ ಮದುವೆ ಭಾನುವಾರ. ಗುರುವಾರ ಮನೆಯಲ್ಲಿ ಒಂದು ತಂತಿ ಕಿತ್ತುಹೋಯಿತು.

ಇದರದು ಹಳೆಯ ಕಾಲದ ತಂತಿ. ಲೋಹವಲ್ಲ, ಪ್ರಾಣಿಯ ಕರುಳಿನ ಹುರಿ. ದುರ್ಗದ ವಾದ್ಯದಂಗಡಿಗೆ ಫೋನು ಮಾಡಿದೆ. ತರಿಸಲು ತಿಂಗಳಾಗುತ್ತದೆ, ಬೇಕಾದರೆ ಗಿಟಾರಿನ ಎರಡು ತಂತಿ ಗಂಟು ಹಾಕಿಕೊಳ್ಳಿ ಎಂದರು. ಫೋನು ಇಟ್ಟೆ.

ದೇವಸಮುದ್ರದಲ್ಲಿ ಉಣ್ಣೆ ಹಿಂಜುವವರೊಬ್ಬರಿದ್ದಾರೆ. ಉಣ್ಣೆ ಹಿಂಜುವುದು ಒಂದು ದೊಡ್ಡ ಬಿಲ್ಲಿನಿಂದ. ಆ ಬಿಲ್ಲಿಗೂ ಕುರಿಯ ಕರುಳಿನ ಹುರಿಯೇ. ಡಬಲ್ ಬಾಸನ್ನು ಹೊತ್ತು ಅಲ್ಲಿಗೆ ಹೋದೆ. ಅವರು ಹೊಸದಾಗಿ ಹೊಸೆದ ಹುರಿ ತೆಗೆದರು, ಅಳೆದರು, ತಾವೇ ಕಟ್ಟಿ ಬಿಗಿದರು. ಬೆರಳಿನಿಂದ ಮೀಟಿ, ಕಿವಿಯಿಟ್ಟು ಕೇಳಿದರು. ನಾಲ್ಕನ್ನೂ ಒಂದೊಂದಾಗಿ ಮೀಟಿದರು. ಇಷ್ಟು ಗಮನ ಕೊಟ್ಟು ಈ ವಾದ್ಯವನ್ನು ಕೇಳಿದವರು ಯಾರೂ ಇರಲಿಲ್ಲ. ನನಗೆ ಸಂತೋಷವಾಯಿತು.

“ನನ್ನ ಬಿಲ್ಲಿಗೆ ಒಂದೇ ಹುರಿ,” ಎಂದರು. “ನೀವು ನಾಲ್ಕು ಹಾಕೀರಿ. ಉಣ್ಣೆ ಎಲ್ಲಿ ಬೀಳ್ತೈತೆ?”

“ಉಣ್ಣೆ ಬೀಳಲ್ಲ. ಸಂಗೀತ ಬರ್ತೈತೆ.”

ಅವರು ಇನ್ನೊಮ್ಮೆ ಹುರಿ ಮೀಟಿ ನೋಡಿದರು.

“ಹಂಗಾದ್ರೆ ಚಳಿಗೆ ಏನ್ ಮಾಡ್ತೀರಿ?”

ಭಾನುವಾರ ಹುರಿ ಇನ್ನೂ ಪೂರ್ತಿ ಒಣಗಿರಲಿಲ್ಲ. ವಾಸನೆ ಇತ್ತು. ಮದುವೆ ಚಪ್ಪರಕ್ಕೆ ಒಂದು ನಾಯಿ ಬಂತು. ಅಡುಗೆಯ ಕಡೆ ಹೋಗಲಿಲ್ಲ. ಎದುರಿಗೆ ಕೂತು ಡಬಲ್ ಬಾಸನ್ನೇ ನೋಡಿತು. ಎರಡನೆಯ ಹಾಡಿಗೆ ಇನ್ನೂ ಎರಡು ಬಂದವು. ಓಡಿಸಿದರೆ ಸುತ್ತು ಹಾಕಿ ಬಂದು ಅಲ್ಲೇ ಕೂತವು. ವರನ ಕಡೆಯವರು ನಕ್ಕರು, ವಧುವಿನ ಕಡೆಯವರು ಬೈದರು.

ಯಜಮಾನ ನನ್ನ ಕಿವಿಯ ಹತ್ತಿರ ಬಂದ. “ಮಾಸ್ಟ್ರೇ, ನಿಮ್ಮ ವಾದ್ಯಕ್ಕೇ ಅಂತ ಬಂದೋರು ಇಲ್ಲಿಗಂಟ ಇವ್ರೇ. ಒಂದು ತಕರಾರು ಆಯ್ತು.”

ಅಕ್ಷತೆ

ನಮ್ಮ ಗೋಷ್ಠಿಯನ್ನು ಯಾವಾಗಲೂ ಧಾರೆ ಮಂಟಪದ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಹಿಂದಿನ ಸಾಲಿನಲ್ಲಿ ಕೂತವರು ಎದ್ದು ಬರುವುದಿಲ್ಲ. ಕೂತಲ್ಲಿಂದಲೇ ಅಕ್ಷತೆ ಎಸೆಯುತ್ತಾರೆ. ಅದು ಮದುಮಕ್ಕಳನ್ನು ಮುಟ್ಟುವುದಿಲ್ಲ. ನನ್ನ ಮೇಲೆ ಬೀಳುತ್ತದೆ. ನಲವತ್ತು ವರ್ಷದಿಂದ ಕಂಡವರ ಆಶೀರ್ವಾದವೆಲ್ಲ ನನಗೇ.

ಡಬಲ್ ಬಾಸಿನ ಎದೆಯಲ್ಲಿ ಎರಡು ಉದ್ದ ಸೀಳುಗಳಿವೆ, ದನಿ ಹೊರಗೆ ಬರಲು. ಅಕ್ಷತೆ ಒಳಗೆ ಹೋಗಲೂ ಅವೇ.

ಚಳ್ಳಕೆರೆಯಲ್ಲೇ ಒಂದು ಮದುವೆ. ಮದುಮಗಳನ್ನು ಕಳಿಸಿಕೊಡುವ ಹೊತ್ತಿನ ಹಾಡು. ನಿಧಾನದ್ದು. ಹುಡುಗಿಯ ತಾಯಿ ಅಳುತ್ತಿದ್ದರು, ಹಾಡುವವಳ ದನಿಯೂ ನಡುಗುತ್ತಿತ್ತು. ನಾನು ಕೆಳಗಿನ ತಂತಿ ಮೀಟಿದೆ. ವಾದ್ಯದ ಹೊಟ್ಟೆಯೊಳಗೆ ಅಕ್ಕಿಯೆಲ್ಲ ಎದ್ದು ಕುಣಿಯಿತು. ಮೀಟಿದಾಗಲೆಲ್ಲ ಗಿಲಗಿಲ. ತಾಯಿ ಅಳು ನಿಲ್ಲಿಸಿ ನನ್ನನ್ನು ನೋಡಿದರು. ಮದುಮಗಳು ನಕ್ಕುಬಿಟ್ಟಳು.

“ಮಾಸ್ಟ್ರೇ,” ಎಂದ ಯಜಮಾನ, “ಅದು ತಾನಾಗೇ ಗಿಲಕಿ ಆಗೈತೆ. ಎರಡಾಯ್ತು. ಬರೋ ವಾರ ಮೊಳಕಾಲ್ಮೂರಿಗೆ ಕೀಬೋರ್ಡಿನೋನ್ನ ಕರ್ದೀನಿ. ನೀವು ಬರ್ರಿ. ಇದನ್ನ ತರಬ್ಯಾಡ್ರಿ.”

ಮನೆಯಲ್ಲಿ ಪಕ್ಕದ ಮನೆಯ ಇಬ್ಬರನ್ನು ಕರೆದು ಅದನ್ನು ತಲೆಕೆಳಗು ಮಾಡಿಸಿದೆ. ಅಕ್ಷತೆ ನೆಲಕ್ಕೆ ಬೀಳಬಾರದೆಂದು ಹೆಂಡತಿ ಸೆರಗು ಒಡ್ಡಿದಳು. ಅರ್ಧ ಸೇರು ಅಕ್ಕಿ ಬಂತು. ಎರಡು ಬಟ್ಟಲಡಿಕೆ, ಒಂದು ಓಲೆಯ ತಿರುಪು ಬಂತು.

“ಇಷ್ಟು ಅಕ್ಷತೆ ಬಿದ್ರೂ ಇದಕ್ಕಿನ್ನೂ ಜೋಡಿ ಸಿಕ್ಕಿಲ್ವಲ್ರೀ,” ಎಂದಳು.

“ನಾನಿಲ್ವಾ?”

“ಅದಕ್ಕೇ ಕೇಳಿದ್ದು,” ಎಂದು ಅಕ್ಕಿ ಒಳಗೆ ತೆಗೆದುಕೊಂಡು ಹೋದಳು.

ಗದ್ದಿಗೆ

ತರಬೇಡಿ ಎಂದರೂ ತಂದೆ. ಗಿಲಕಿ ಹಿಡಿಯುವ ಮುಂಚೆ ಒಮ್ಮೆ ನುಡಿಸಿಯೇ ಬಿಡಬೇಕೆಂದಿತ್ತು. ಯಜಮಾನ ಬರುವುದಕ್ಕೆ ಒಂದು ಗಂಟೆ ಮುಂಚೆ ಮೊಳಕಾಲ್ಮೂರಿನ ಕಲ್ಯಾಣ ಮಂಟಪದಲ್ಲಿದ್ದೆ.

ವೇದಿಕೆಗೆ ಹೊಸದಾಗಿ ಕರಿಕಲ್ಲು ಹಾಕಿದ್ದರು. ಮುಖ ಕಾಣುವಷ್ಟು ನುಣುಪು. ಡಬಲ್ ಬಾಸು ನಿಲ್ಲುವುದು ಒಂದು ಕಬ್ಬಿಣದ ಮೊಳೆಯ ಮೇಲೆ. ಮೊಳೆಯ ರಬ್ಬರು ಯಾವಾಗಲೋ ಉದುರಿದೆ. ಎರಡು ಸಲ ಜಾರಿತು. ಹೊದಿಸಿದ್ದ ಕಂಬಳಿಯನ್ನೇ ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ನಿಲ್ಲಿಸಿದೆ. ನಿಂತಿತು.

ಯಜಮಾನ ಬಂದ. ಹಿಂದೆ ಕೀಬೋರ್ಡಿನವನು ಬಂದ, ಮಂಟಪದೊಳಗೂ ಕಪ್ಪು ಕನ್ನಡಕ ಹಾಕಿಕೊಂಡು. ಯಜಮಾನ ನನ್ನನ್ನು ಬೈಯಲಿಲ್ಲ. ಪಾತ್ರೆ ಕೋಣೆ ಖಾಲಿ ಇದೆ, ಅಲ್ಲಿ ಇಡೋಣ ಎಂದ. ಗಿಲಕಿಯನ್ನು ನನ್ನ ಕೈಗೆ ಕೊಟ್ಟ. ಇಬ್ಬರೂ ಡಬಲ್ ಬಾಸಿಗೆ ಕೈ ಹಾಕಿದರು.

“ಲೇ, ಕೈ ತೆಗೀರಲೇ.”

ಮದುಮಗಳ ತಾತ. ಕೋಲೂರಿಕೊಂಡು ಬಂದವರು, ಮೆಟ್ಟಿಲಿನ ಹತ್ತಿರ ಚಪ್ಪಲಿ ಬಿಟ್ಟು ಮೇಲೆ ಹತ್ತಿದರು.

“ಗದ್ದಿಗೆ ಹಾಸಿ ನಿಲ್ಸಿದ್ದನ್ನ ಕಾರ್ಯ ಮುಗಿಯೋಕೆ ಮುಂಚೆ ಕದಲಿಸ್ತೀರಾ? ಅದೂ ನಮ್ಮ ಮನೆ ಮದುವೇಲಿ?”

ನಮ್ಮ ಸೀಮೆಯಲ್ಲಿ ಶುಭಕಾರ್ಯಕ್ಕೆ ಕರಿ ಕಂಬಳಿ ಮಡಿಸಿ ಹಾಸಿದರೆ ಅದು ಗದ್ದಿಗೆ, ದೇವರ ಪೀಠ. ಚಪ್ಪಲಿ ಕಾಲಲ್ಲಿ ಹತ್ತಿರ ಹೋಗುವಂತಿಲ್ಲ. ಮೇಲಿಟ್ಟದ್ದನ್ನು ನಡುವೆ ಎತ್ತುವಂತಿಲ್ಲ. ನನಗೆ ಇದು ಗೊತ್ತಿಲ್ಲದ್ದಲ್ಲ. ಹಾಸುವಾಗ ನೆನಪಾಗಲಿಲ್ಲ, ಅಷ್ಟೆ.

“ಅಜ್ಜಾರೆ, ಅದು ವಾದ್ಯ,” ಎಂದ ಯಜಮಾನ.

“ಇರ್ಲಿ. ಕಂಬಳಿ ಕಂಬಳೀನೇ.”

ಸುಳ್ಳಿನ ಮೇಲೆ ನಿಂತು ನುಡಿಸುವುದು ನನಗೆ ಬೇಡವಾಗಿತ್ತು. “ನೆಲ ಜಾರ್ತೈತೆ ಅಂತ ಹಾಸಿದ್ದು, ಹಿರಿಯರೇ,” ಎಂದೆ.

ತಾತ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಜಾರಬಾರ್ದು ಅಂತಾನೇ ಎಲ್ರೂ ಹಾಸೋದು.”

ಅಲ್ಲಿಗೆ ಮಾತು ಮುಗಿಯಿತು. ಹೆಂಗಸರು ಅರಿಸಿನ ಕುಂಕುಮ ತಂದರು. ಡಬಲ್ ಬಾಸಿನ ಎದೆಗೆ ಮೂರು ಬೆರಳ ವಿಭೂತಿ ಎಳೆದರು. ಬುಡದಲ್ಲಿ ವೀಳ್ಯದೆಲೆ, ತೆಂಗಿನಕಾಯಿ. ಕುತ್ತಿಗೆಗೆ ಹಾರ ಹಾಕಲು ಬಂದವರನ್ನು ಮಾತ್ರ ತಡೆದೆ. ಹಾರ ಹಾಕಿದರೆ ನುಡಿಸುವುದು ಹೇಗೆ?

ಗದ್ದಿಗೆಯ ಪಕ್ಕ ಬೇಡವೆಂದು ಕೀಬೋರ್ಡಿನ ಮೇಜನ್ನು ವೇದಿಕೆಯಿಂದ ಕೆಳಗಿಳಿಸಿ ಕೈತೊಳೆಯುವ ನಲ್ಲಿಯ ಹತ್ತಿರ ಹಾಕಿದರು. ಕರೆಂಟಿನ ಪ್ಲಗ್ಗು ವೇದಿಕೆಯ ಗೋಡೆಯಲ್ಲಿ ಇತ್ತು, ಗದ್ದಿಗೆಯ ಹಿಂದೆ. ಗದ್ದಿಗೆಯ ಮೇಲೆ ವೈರು ಹಾಯಿಸಲು ತಾತ ಒಪ್ಪಲಿಲ್ಲ. ಸುತ್ತು ಹಾಕಿ ತಂದರೆ ಮೇಜು ಮುಟ್ಟಲು ನಾಲ್ಕು ಮೊಳ ವೈರು ಕಡಿಮೆ ಬಿತ್ತು. ಕೀಬೋರ್ಡಿನವನು ಕನ್ನಡಕ ತೆಗೆದು ನಿಂತಿದ್ದ. ಯಜಮಾನ ನನ್ನ ಕೈಯಿಂದ ಗಿಲಕಿ ತೆಗೆದುಕೊಂಡು ಅವನಿಗೆ ಕೊಟ್ಟ.

ಎಲ್ಲ ಹಾಡಿಗೂ ನುಡಿಸಿದೆ. ಮದುಮಕ್ಕಳು ಬಂದು ಡಬಲ್ ಬಾಸಿಗೆ ನಮಸ್ಕರಿಸಿದರು. ಅವರ ಹಿಂದೆ ನೆಂಟರು. ನಾನು ಪಕ್ಕದಲ್ಲೇ ನಿಂತಿದ್ದೆ. ನನಗೆ ಒಬ್ಬರೂ ಕೈ ಮುಗಿಯಲಿಲ್ಲ. ಒಬ್ಬ ಹೆಂಗಸು ಸ್ವಲ್ಪ ಸರಿದುಕೊಳ್ಳಿ ಎಂದಳು. ಅಕ್ಷತೆ ಮತ್ತೆ ಒಳಗೆ ಹೋಯಿತು.

ತಾತ ಎದುರಿಗೆ ಕುರ್ಚಿ ಹಾಕಿಸಿಕೊಂಡು ಕೊನೆಯವರೆಗೆ ಕೂತಿದ್ದರು. ಮುಗಿದ ಮೇಲೆ ಹತ್ತಿರ ಹೋಗಿ, ಹೇಗಿತ್ತು ಎಂದು ಕೇಳಿದೆ. ಯಾರನ್ನೂ ಹಾಗೆ ಕೇಳಿದವನಲ್ಲ.

“ಹೂಂ,” ಎಂದರು.

ವಾಪಸಾಗುವಾಗ ಯಜಮಾನ ಗಿಲಕಿಯ ಮಾತು ಎತ್ತಲಿಲ್ಲ. ವ್ಯಾನಿನಲ್ಲಿ ಡಬಲ್ ಬಾಸಿಗೆ ಜಾಗ ಮಾಡಿಸಿದ. ಕೀಬೋರ್ಡಿನವನು ಬಸ್ಸಿನಲ್ಲಿ ಬಂದ.

ಮುಂದಿನ ಮದುವೆಗೆ ಕೀಬೋರ್ಡಿನವನು ನನಗಿಂತ ಮುಂಚೆ ಬಂದಿದ್ದ. ಕಂಬಳಿ ತಂದಿದ್ದ.