ಲಾಯರ್ ಮಾವನ ಮರುವಾದ

ಅನುಮಾನ ಪಡುವುದರಲ್ಲಿ ನನಗೆ ಒಳ್ಳೆಯ ಟ್ರೇನಿಂಗ್ ಆಗಿದೆ. ನಾನು ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೆಳೆದವಳು. ಅಲ್ಲಿ ಸಿಸ್ಟರುಗಳು ನಮ್ಮನ್ನು ಅನುಮಾನಿಸುತ್ತಿದ್ದರು, ನಾವು ಸಾಂಬಾರನ್ನು ಅನುಮಾನಿಸುತ್ತಿದ್ದೆವು. ಮದುವೆಯಾಗಿ ಸಿಕಂದರಾಬಾದಿಗೆ ಬಂದ ಮೇಲೆ ಹಾಲಿನವನು, ಗ್ಯಾಸ್ ಸಿಲಿಂಡರಿನ ತೂಕ, ಫೋನಿನಲ್ಲಿ ಅತಿಯಾಗಿ ವಿನಯ ತೋರಿಸುವ ನೆಂಟರು, ಹೀಗೆ ಕ್ಷೇತ್ರ ವಿಸ್ತಾರವಾಯಿತು. ಆದ್ದರಿಂದ ಮಹಡಿ ಮನೆಯ ಚಿನ್ಮಯ ನನ್ನ ಎಲ್‌ಪಿ ರೆಕಾರ್ಡನ್ನು ಬದಲಾಯಿಸಿಬಿಟ್ಟಿದ್ದಾನೆ ಎಂದು ನನಗೆ ಅನ್ನಿಸಿದ್ದು ಆಕಸ್ಮಿಕವಲ್ಲ, ಅಷ್ಟು ವರ್ಷಗಳ ಸಾಧನೆಯ ಫಲ.

ಚಿನ್ಮಯ ಮೈಸೂರಿನ ಹುಡುಗ. ಊರಾಚೆ ಮಾದಾಪುರದಲ್ಲಿ ಸಾಫ್ಟ್‌ವೇರಿನ ಗಾಜಿನ ಕಟ್ಟಡಗಳು ದಿನಕ್ಕೊಂದರಂತೆ ಏಳುತ್ತಿದ್ದ ಕಾಲದಲ್ಲಿ ಬಂದು ನಮ್ಮ ಮಹಡಿಗೆ ಬಾಡಿಗೆಗೆ ಸೇರಿದ. ಒಂದು ದಿನ ಮೆಟ್ಟಿಲ ಮೇಲೆ ನಿಂತು, "ಆಂಟಿ, ಕೆಳಗಡೆ ನೀವು ಹಾಕೋದು ಹಾರ್ಡ್ ಬಾಪ್ ಜಾಜ್ ಅಲ್ವಾ?" ಅಂದ. ನನಗೆ ಕಣ್ಣು ತುಂಬಿತು. ಈ ಊರಿನಲ್ಲಿ ಅದನ್ನು ಯಾರೂ ಆ ಹೆಸರಿನಿಂದ ಕರೆದಿರಲಿಲ್ಲ. ನಮ್ಮ ನಾದಿನಿ ಅದನ್ನು ಬ್ಯಾಂಡ್ ಸೆಟ್ ಅನ್ನುತ್ತಿದ್ದಳು.

ಆ ಎಲ್‌ಪಿಗಳು ನಮ್ಮವರವು. ಅವರ ಜೊತೆ ರೈಲ್ವೆಯಲ್ಲಿದ್ದ ಆಂಗ್ಲೋ ಇಂಡಿಯನ್ ಗಾರ್ಡ್ ಒಬ್ಬರು ಆಸ್ಟ್ರೇಲಿಯಾಕ್ಕೆ ಹೊರಟಾಗ ಒಂದು ಟ್ರಂಕ್ ತುಂಬ ಕೊಟ್ಟು ಹೋಗಿದ್ದರು. ನಮ್ಮ ಮನೆಯಲ್ಲಿ ಆ ವಾದಕರಿಗೆ ಅವರ ಹೆಸರು ಉಳಿಯಲಿಲ್ಲ, ನಾವೇ ನೆಂಟಸ್ತಿಕೆ ಹಚ್ಚಿದೆವು. ಡ್ರಮ್ ಬಾರಿಸುವವರು ಬೀಗರು: ಬಾಗಿಲಲ್ಲೇ ಗಲಾಟೆ ಮಾಡಿಕೊಂಡು ಬರುತ್ತಾರೆ, ಅವರಿಲ್ಲದೆ ಯಾವ ಕಾರ್ಯವೂ ನಡೆಯದು. ಪಿಯಾನೋದವರು ದೊಡ್ಡತ್ತೆ, ಎಡಗೈಯಲ್ಲಿ ಗದರಿಸಿ ಬಲಗೈಯಲ್ಲಿ ಬೆಲ್ಲ ಕೊಡುವವರು. ಟ್ರಂಪೆಟ್ ನುಡಿಸುವವನು ಸಣ್ಣ ಮೈದುನ, ಏನು ಕೇಳಿದರೂ ಉಸಿರುಗಟ್ಟಿಕೊಂಡು ಉತ್ತರ. ಚರ್ಚಿನ ಹಾಡು, ಬ್ಲೂಸಿನ ಗೋಳು, ಅದರಡಿಯಲ್ಲಿ ಕಾಲು ಸುಮ್ಮನಿರಗೊಡದ ತಾಳ, ಎಲ್ಲ ಕಲಸಿದ ಅನ್ನ ಅದು.

ಎಲ್ಲರಿಗಿಂತ ಪ್ರಿಯರಾದವರು ಟೆನರ್ ಸ್ಯಾಕ್ಸೊಫೋನಿನ ಲಾಯರ್ ಮಾವ. ನೀಲಿ ಕವರಿನ ಎಲ್‌ಪಿಯ ಎರಡನೇ ಬದಿಯಲ್ಲಿ ಅವರದೊಂದು ಸೋಲೋ ಇದೆ. ಮಧ್ಯದಲ್ಲಿ ಅವರು ಒಂದು ಪುಟ್ಟ ಮಾತು ಹೇಳುತ್ತಾರೆ. ಮತ್ತೆ ಅದನ್ನೇ ಹೇಳುತ್ತಾರೆ. ನ್ಯಾಯಾಧೀಶರು ಒಪ್ಪುವವರೆಗೆ ಬಿಡದವರಂತೆ ಅದನ್ನೇ ನಾಲ್ಕು ಸಲ, ಐದು ಸಲ. ಆಗ ನಮ್ಮವರು ಸೋಫಾದಿಂದ ಧಡ್ ಎಂದು ಕಾಲು ಬಡಿದು ತಾಳ ಹಾಕುತ್ತಿದ್ದರು, ಲಾಯರ್ ಮಾವ ಕೇಸು ಗೆದ್ದು ಮುಂದೆ ಹೋಗುತ್ತಿದ್ದರು. ಸೋಜಿಗವೆಂದರೆ ಒಂದು ದಿನ ಮೂರು ಸಲ, ಇನ್ನೊಂದು ದಿನ ಏಳು. ನಮ್ಮವರು ಶೇವ್ ಮಾಡಿಕೊಳ್ಳುತ್ತಿದ್ದ ದಿನವಂತೂ ಹನ್ನೊಂದಾಗಿತ್ತು. ಅವರು ಮುಖದ ತುಂಬ ನೊರೆ ಇಟ್ಟುಕೊಂಡೇ ಓಡಿ ಬಂದು ತಾಳ ಹಾಕಿದರು. ಎಂಥ ರಸಿಕತೆ ಅಂದುಕೊಂಡೆ.

ನನಗೆ ಪಿಯಾನೋ ಕಲಿಸಿದ ಸಿಸ್ಟರ್ ಪುಸ್ತಕದಲ್ಲಿರುವುದನ್ನಷ್ಟೇ ನುಡಿಸು, ಮನೆಯಿಂದ ತಂದು ಸೇರಿಸಬೇಡ ಅನ್ನುತ್ತಿದ್ದರು. ಹಾಗಾಗಿ ಆ ಗಳಿಗೆಗೆ ಹೊಳೆದದ್ದನ್ನು ನುಡಿಸುವ ಇಂಪ್ರೊವೈಸೇಶನ್ ಅನ್ನುವುದು ನನಗೆ ಪವಾಡವಾಗಿ ಕಂಡಿತು. ಲೇಡೀಸ್ ಕ್ಲಬ್ಬಿನಲ್ಲಿ ಅದರ ಬಗ್ಗೆ ಟಾಕ್ ಕೊಟ್ಟೆ, ಒಂದಲ್ಲ, ವರ್ಷ ವರ್ಷವೂ. "ಒಳ್ಳೆಯ ಜಾಜ್ ಎಲ್‌ಪಿ ಒಂದು ದಿನ ನುಡಿದ ಹಾಗೆ ಇನ್ನೊಂದು ದಿನ ನುಡಿಯುವುದಿಲ್ಲ" ಎಂದು ಹೇಳಿ, ನುಡಿಸಿಯೂ ತೋರಿಸುತ್ತಿದ್ದೆ. ಪ್ಲೇಯರ್ ಹೊತ್ತು ಬಂದ ನಮ್ಮವರು ಪಕ್ಕದಲ್ಲೇ ಕೂತು ತಪ್ಪದೆ ಕಾಲು ಬಡಿಯುತ್ತಿದ್ದರು. ಎಲ್‌ಪಿಗಳನ್ನು ಮಾತ್ರ ನನ್ನ ಕೈಗೆ ಕೊಡುತ್ತಿರಲಿಲ್ಲ. ತೆಗೆಯುವುದು, ಒರೆಸುವುದು, ಇಡುವುದು ಎಲ್ಲ ಅವರೇ. ಕವರುಗಳೊಳಗೆ ಯಾವಳದೋ ಕಾಗದ ಇರಬಹುದೆಂದು ಒಂದು ಮಧ್ಯಾಹ್ನ ಎಲ್ಲವನ್ನೂ ಕೊಡವಿ ನೋಡಿದ್ದೆ. ಕಾಗದ ತಿನ್ನುವ ಒಂದು ಸತ್ತ ಬೆಳ್ಳಿಮೀನು ಹುಳು ಸಿಕ್ಕಿತು.

ಅವರು ಹೋಗಿ ಆರು ವರ್ಷ. ತಾಳಕ್ಕೆ ಜನವಿಲ್ಲದಿದ್ದರೂ ಲಾಯರ್ ಮಾವ ವಾದ ಬಿಟ್ಟಿರಲಿಲ್ಲ. ಅದಕ್ಕೆ ಅಡ್ಡ ಬಂದವಳು ಮಲ್ಲಮ್ಮ. ಯಾದಗಿರಿ ಕಡೆಯವಳು, ಗಂಡ ಮಾದಾಪುರದಲ್ಲಿ ಗಾರೆ ಕೆಲಸ ಮಾಡುತ್ತಾನೆ, ಇವಳು ನಮ್ಮ ಮನೆಗೆಲಸಕ್ಕೆ ಬಂದು ಹತ್ತು ವರ್ಷವಾಯಿತು. ನಾನು ಆ ಎಲ್‌ಪಿ ಹಾಕಿದಾಗಲೆಲ್ಲ, ಸರಿಯಾಗಿ ಆ ಜಾಗದಲ್ಲೇ, ನೆಲ ಒರೆಸುವ ಬಕೆಟ್ಟನ್ನು ಧಡಾರನೆ ಕುಕ್ಕುತ್ತಾಳೆ. ಇವಳಿಗೆ ಜಾಜ್ ಆಗುವುದಿಲ್ಲ, ಹೀಗೆ ಪ್ರೊಟೆಸ್ಟ್ ಮಾಡುತ್ತಾಳೆ ಎಂಬ ಗುಮಾನಿಯನ್ನು ನಾನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ.

ಇಂಥ ಮನೆಯಿಂದ ಚಿನ್ಮಯ ಆ ನೀಲಿ ಕವರಿನ ಎಲ್‌ಪಿಯನ್ನು ಸಿ.ಡಿ. ಮಾಡಿಕೊಡುತ್ತೇನೆಂದು ಮೇಲಕ್ಕೆ ಒಯ್ದ. ಹಳೇ ಸಾಮಾನಿನ ಸಂತೆಯಲ್ಲಿ ಅವನೇ ಒಂದು ಪ್ಲೇಯರ್ ಕೊಂಡಿದ್ದ. ಮೂರು ದಿನ ಬಿಟ್ಟು, "ಪೂರ್ತಿ ಕ್ಲೀನ್ ಮಾಡಿದೀನಿ ಆಂಟಿ" ಎಂದು ಸಿ.ಡಿ. ಕೊಟ್ಟು ಆಫೀಸಿನ ಕ್ಯಾಬ್ ಹತ್ತಿದ. ನಾನು ಕಾಫಿ ಹಿಡಿದು ಕೂತು ಕೇಳಿದೆ. ಲಾಯರ್ ಮಾವ ಬಂದರು, ಆ ಮಾತನ್ನು ಒಂದೇ ಒಂದು ಸಲ ಹೇಳಿದರು, ಮುಂದೆ ನಡೆದುಬಿಟ್ಟರು. ನಡುಮನೆಯಲ್ಲಿ ನಮ್ಮವರು ಇನ್ನೊಂದು ಸಲ ಇಲ್ಲವಾದರು ಅನ್ನಿಸಿತು. ಇದು ನನ್ನ ಎಲ್‌ಪಿ ಅಲ್ಲ. ಹುಡುಗ ಅಸಲಿಯನ್ನು ಎಲ್ಲೋ ದಾಟಿಸಿ, ಇಂಟರ್‌ನೆಟ್ಟಿನಿಂದ ಯಾರದೋ ವಾದನ ಇಳಿಸಿಕೊಟ್ಟಿದ್ದಾನೆ.

ಮರುದಿನ ಶನಿವಾರ ಬೆಳಿಗ್ಗೆಯೇ ಮಹಡಿ ಹತ್ತಿದೆ. "ಚಿನ್ಮಯ, ನನ್ನ ಎಲ್‌ಪಿ ಎಲ್ಲಿ? ದಿಸ್ ಇಸ್ ನಾಟ್ ಮೈ ಮ್ಯಾನ್" ಅಂದೆ. ಅವನು ಗಾಬರಿಯಾಗಿ ಎಲ್‌ಪಿ ತೆಗೆದು ಪ್ಲೇಯರಿಗೆ ಹಾಕಿದ. ಲಾಯರ್ ಮಾವ ಬಂದರು, ಮಾತು ಹೇಳಿದರು. ಹದಿನೈದು ಸಲ, ಇಪ್ಪತ್ತು ಸಲ. ನಿಲ್ಲುವ ಸೂಚನೆಯೇ ಇಲ್ಲ.

"ಗೀರು ಆಂಟಿ. ಮುಳ್ಳು ಇಲ್ಲಿ ಸಿಕ್ಕಾಕ್ಕೊಳ್ಳುತ್ತೆ. ಕಂಪ್ಯೂಟರಲ್ಲಿ ಅದನ್ನ ತೆಗೆದುಬಿಟ್ಟೆ."

"ಗೀರಲ್ಲಪ್ಪ, ಇಂಪ್ರೊವೈಸೇಶನ್" ಅಂದೆ.

ಅವನು ನನ್ನನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದವನು ತಲೆ ತಗ್ಗಿಸಿ, "ಹೂಂ ಆಂಟಿ" ಅಂದ. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಸಲ ಕ್ಲಬ್ಬಿನಿಂದ ಪ್ಲೇಯರ್ ಹೊತ್ತು ಮನೆಗೆ ಬರುವಾಗ ನಮ್ಮವರ ಮುಖ ಹಾಗೇ ಇರುತ್ತಿತ್ತು.

ಎಲ್‌ಪಿಯನ್ನು ಕೆಳಗೆ ತಂದು ಹಾಕಿದೆ. ಒಂದು, ಎರಡು, ಮೂರು. ಅಡುಗೆಮನೆ ಬಾಗಿಲಲ್ಲಿ ಬಕೆಟ್ಟು ಧಡ್. ಲಾಯರ್ ಮಾವ ಮುಂದೆ ಹೋದರು.

"ಮಲ್ಲಮ್ಮ, ಇಲ್ಲಿ ಬಾ. ಬಕೆಟ್ ಯಾಕೆ ಕುಕ್ಕಿದೆ?"

"ಮುಳ್ಳು ಸಿಕ್ಕೊಂಡಿತ್ತಲ್ರಿ ಅಮ್ಮಾರ. ನೆಲ ಬಡದ್ರ ಮುಂದ ಜಿಗೀತೈತಿ."

"ನಿನಗೆ ಯಾರು ಹೇಳಿದ್ದು?"

ಅವಳು ಒರೆಸುವ ಬಟ್ಟೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಂಡಿದಳು. "ಸಾಹೇಬ್ರು ಹೇಳಿದ್ರಿ. ಅವರ ಮೊಣಕಾಲ ಭಾಳ ನೋಯಾಕತ್ತಿತ್ತಲ್ರಿ, ಬಡಿಯಾಕ ಆಗ್ತಿರಲಿಲ್ಲ. ಮಲ್ಲಮ್ಮ, ಇನ್ನ ಮ್ಯಾಲ ನೀ ಬಡಿ, ಅಮ್ಮಾರಿಗೆ ಮಾತ್ರ ಹೇಳಬ್ಯಾಡ ಅಂದ್ರು."

"ಯಾಕೆ ಹೇಳಬಾರದಂತೆ?"

"ಲಗ್ನ ಆದ ಹೊಸದಾಗ ನೀವ ಅದನ್ನ ಸೆರಗಿಲೆ ಒರೆಸಿದ್ರಂತ. ಸೆರಗಿನ ಪಿನ್ನು ಗೀರೈತಿ. ನಿಮಗ ತಿಳದ್ರ ಮತ್ತ ಆ ಪ್ಲೇಟ ಮುಟ್ಟಂಗಿಲ್ಲ, ನೊಂದ್ಕೋತೀರಿ ಅಂದ್ರು." ಬಟ್ಟೆಯನ್ನು ಬಕೆಟ್ಟಿನ ಮೇಲೆ ಹರವುತ್ತ, "ನನಗೂ ರೂಢಿ ಆಗೈತ್ರಿ. ಆ ಪೀಪಿ ಕೇಳಿದ್ರ ಕೈ ತಾನ ಬಕೀಟಿಗೆ ಹೋಗ್ತೈತಿ" ಅಂದಳು.

ಸೆರಗಿಗೆ ಪಿನ್ ಹಾಕುವುದು ಕಾನ್ವೆಂಟಿನ ಶಿಸ್ತು. ಇವತ್ತಿಗೂ ಬಿಟ್ಟಿಲ್ಲ. ಕೈ ಹಾಕಿ ನೋಡಿಕೊಂಡೆ, ಎಡಭುಜದ ಮೇಲೆ ಭದ್ರವಾಗಿ ಕೂತಿತ್ತು. ಊರನ್ನೆಲ್ಲ ಅನುಮಾನಿಸಿದವಳು ಇದೊಂದನ್ನು ಬಿಟ್ಟಿದ್ದೆ.

ಆ ಸಿ.ಡಿ.ಯನ್ನು ಚಿನ್ಮಯನ ಸಮಾಧಾನಕ್ಕೆ ಆಗೀಗ ಹಾಕುತ್ತೇನೆ. ಮೊನ್ನೆ ಮಲ್ಲಮ್ಮ ರೂಢಿಯಂತೆ ಬಕೆಟ್ ಕುಕ್ಕಿದಳು. ಸಿ.ಡಿ. ಬೆಚ್ಚಿಬಿದ್ದು ಸೋಲೋವನ್ನೇ ನುಂಗಿ ನೇರ ದೊಡ್ಡತ್ತೆಯ ಹತ್ತಿರ ಹಾರಿತು. ಎಲ್‌ಪಿಯೇ ಸರಿ ಎಂದು ಇಬ್ಬರೂ ಒಪ್ಪಿದೆವು. ಈಗ ಕಾಲು ಬಡಿಯುವುದು ನಾನೇ. ಎಷ್ಟು ಸಲ ಅನ್ನುವುದೂ ನನ್ನಿಷ್ಟ.

ಇನ್ನು ಉಳಿದದ್ದು ಕ್ಲಬ್ಬು. ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು, ನಾನು ಇಷ್ಟು ವರ್ಷ ಹೇಳಿದ್ದು ಇಂಪ್ರೊವೈಸೇಶನ್ ಅಲ್ಲ, ಗೀರು ಎಂದು ಒಪ್ಪಿಕೊಳ್ಳಬೇಕೆಂದು ಮಾತು ಬರೆದಿಟ್ಟುಕೊಂಡಿದ್ದೇನೆ. ಆದರೆ ಬರೆಯುತ್ತ ಬರೆಯುತ್ತ ಆ ಹೆಂಗಸರ ಮುಖಗಳು ನೆನಪಾದವು. ಒಬ್ಬೊಬ್ಬರ ಮನೆಯಲ್ಲೂ ರೆಕಾರ್ಡ್ ಪ್ಲೇಯರ್ ಇತ್ತು. ವರ್ಷ ವರ್ಷವೂ ಅದೇ ಟಾಕ್ ಕೇಳಿ ಅಷ್ಟು ಮೆತ್ತಗೆ ತಲೆಯಾಡಿಸಿದರು, ಒಬ್ಬಳೂ ಒಂದು ಪ್ರಶ್ನೆ ಕೇಳಲಿಲ್ಲ. ಟಾಕ್ ಮುಗಿದ ಮೇಲೆ ಕಾಫಿಯ ಮೊದಲ ಲೋಟ ಯಾವಾಗಲೂ ನಮ್ಮವರಿಗೇ ಕೊಡುತ್ತಿದ್ದರು. ಯಾಕೋ ಅನುಮಾನ.